ಅಪ್ಪನ ಟ್ಯಾಬ್‌ಗೆ ಬೇರೆ ಬ್ರೌಸರ್ ಯಾಕೆ ಹಾಕಲಾಗಲಿಲ್ಲ

2021ರ ಅಕ್ಟೋಬರ್ ಮೊದಲ ವಾರ ಊರಿನಿಂದ ಅಪ್ಪ ಫೋನ್ ಮಾಡಿದರು. "ಪುಟ್ಟಿ, ಟ್ಯಾಬ್‌ನಲ್ಲಿ ಅಡಿಕೆ ಧಾರಣೆ ಬರ್ತಾ ಇಲ್ಲ. ಮೊನ್ನೆವರೆಗೂ ಸರಿ ಇತ್ತು. ಈಗ ಏನೋ ಇಂಗ್ಲಿಷಲ್ಲಿ ತೋರಿಸಿ ನಿಂತುಬಿಡ್ತದೆ."

ನಮ್ಮೂರು ತೀರ್ಥಹಳ್ಳಿ ಕಡೆ. ಮಳೆ ಜೋರಾದರೆ ನೆಟ್‌ವರ್ಕ್ ಹೋಗುವುದು ಅಲ್ಲಿ ಹೊಸದಲ್ಲ. ಹಾಗಾಗಿ ಎಲ್ಲರೂ ಹೇಳುವುದನ್ನೇ ನಾನೂ ಹೇಳಿದೆ: ಆಫ್ ಮಾಡಿ ಆನ್ ಮಾಡಿ, ಕಿಟಕಿ ಹತ್ತಿರ ಹಿಡಿದು ನೋಡಿ. ಮರುದಿನ ಮತ್ತೆ ಫೋನ್. "ಯಕ್ಷಗಾನದ ವಿಡಿಯೋ ಬರ್ತದೆ ಮಾರಾಯ್ತಿ, ನೆಟ್ ಇದೆ. ಓದುವಂಥದ್ದು ಮಾತ್ರ ಕೆಲವು ಬರ್ತಾವೆ, ಕೆಲವು ಇಲ್ಲ."

ದಸರಾ ರಜೆಗೆ ಹೋದಾಗ ಜಗಲಿಯಲ್ಲಿ ಕೂತು ನೋಡಿದೆ. ಅಪ್ಪ ಹೇಳಿದ್ದು ನಿಜ. ಸಂಪರ್ಕ ಸುರಕ್ಷಿತವಲ್ಲ, ಈ ತಾಣದ ಗುರುತು ಖಚಿತವಾಗುತ್ತಿಲ್ಲ ಎಂಬ ಎಚ್ಚರಿಕೆ. ರಾಶಿ, ಬೆಟ್ಟೆ, ಸರಕು, ಗೊರಬಲು ಅಂತ ಸಾಲಾಗಿ ದರ ಬರುತ್ತಿದ್ದ ಪುಟ ತೆರೆಯಲೇ ಇಲ್ಲ. ಅವರು ದಿನಾ ಓದುತ್ತಿದ್ದ ಎರಡು ಬ್ಲಾಗುಗಳೂ ಅಷ್ಟೇ. ಟ್ಯಾಬ್‌ಗೆ ಒಂದು ಗೀರೂ ಬಿದ್ದಿರಲಿಲ್ಲ. ಬಟ್ಟೆಯ ಚೀಲದಲ್ಲಿಟ್ಟು, ರಾತ್ರಿ ಮಾತ್ರ ಚಾರ್ಜ್‌ಗೆ ಹಾಕಿ, ಕನ್ನಡಕದಷ್ಟೇ ಜೋಪಾನವಾಗಿ ನೋಡಿಕೊಂಡಿದ್ದರು. ಪರದೆ ದೊಡ್ಡದು, ಅಕ್ಷರ ದೊಡ್ಡದು ಮಾಡಿಕೊಳ್ಳಬಹುದು ಎಂದೇ ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಕೊಡಿಸಿದ್ದು. ಯಾವ ಕಂಪನಿಯದು ಎಂಬುದು ಇಲ್ಲಿ ಬೇಡ. ಅದಕ್ಕೆ ಆಪರೇಟಿಂಗ್ ಸಿಸ್ಟಂ ಅಪ್‌ಡೇಟ್ ಬರುವುದು ನಿಂತು ಆಗಲೇ ಕೆಲವು ವರ್ಷಗಳಾಗಿದ್ದವು.

ಅಟ್ಟದ ಮೇಲೆ ನನ್ನ ಕಾಲೇಜಿನ ಲ್ಯಾಪ್‌ಟಾಪ್ ಇತ್ತು. ಟ್ಯಾಬ್‌ಗಿಂತ ಹಳೆಯದು, ವಿಂಡೋಸ್ 7ರದ್ದು. ಮೈಕ್ರೋಸಾಫ್ಟ್ ವಿಂಡೋಸ್ 7ರ ಕೈಬಿಟ್ಟಿದ್ದು 2020ರ ಜನವರಿಯಲ್ಲೇ. ಅದನ್ನು ಇಳಿಸಿ, ಧೂಳು ಒರೆಸಿ, ಅದರಲ್ಲಿದ್ದ ಫೈರ್‌ಫಾಕ್ಸ್ ಬ್ರೌಸರನ್ನು ಅಪ್‌ಡೇಟ್ ಮಾಡಿ ಅದೇ ಪುಟ ತೆರೆದೆ. ತೆರೆಯಿತು. ರಾಶಿಯ ದರ ನೋಡಿ ಅಪ್ಪ "ಓ, ಇದರಲ್ಲಿ ಬರ್ತದಲ್ಲ" ಎಂದರು. ಅಷ್ಟರಲ್ಲಿ ಫ್ಯಾನಿನ ಸದ್ದು ಕೇಳಿ ಅಮ್ಮ ಒಳಗಿಂದ ಬಂದು ಮಿಕ್ಸಿ ಯಾರು ಹಾಕಿದ್ದು ಎಂದು ಕೇಳಿದ್ದೂ ನೆನಪಿದೆ.

ಟ್ಯಾಬ್‌ಗಿಂತ ಹಿರಿಯ, ತಯಾರಕರೇ ಕೈಬಿಟ್ಟ ಯಂತ್ರದಲ್ಲಿ ತೆರೆಯುವ ಪುಟ ಟ್ಯಾಬ್‌ನಲ್ಲಿ ಯಾಕೆ ತೆರೆಯುವುದಿಲ್ಲ? ಆ ರಾತ್ರಿ ಇದನ್ನೇ ಹುಡುಕುತ್ತ ಕೂತೆ.

ತಾಣದ ವಿಳಾಸದ ಪಕ್ಕ ಪುಟ್ಟ ಬೀಗದ ಚಿತ್ರ ಇರುತ್ತದಲ್ಲ, ಆ ಬೀಗ ಅಸಲಿಯೋ ನಕಲಿಯೋ ಎಂದು ತಿಳಿಯಲು ಒಂದು ಪಟ್ಟಿ ಬೇಕು. ಯಾರು ಕೊಟ್ಟ ಸರ್ಟಿಫಿಕೇಟನ್ನು ನಂಬಬಹುದು ಎಂಬ ಪಟ್ಟಿ ಅದು. ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಲಾಭರಹಿತ ಸಂಸ್ಥೆ 2015ರಿಂದ ಈ ಸರ್ಟಿಫಿಕೇಟುಗಳನ್ನು ಉಚಿತವಾಗಿ ಕೊಡುತ್ತಿದೆ. ಕೈಯಿಂದ ಖರ್ಚು ಹಾಕಿ ತಾಣ ನಡೆಸುವವರಿಗೆ ಅದು ದೊಡ್ಡ ಉಪಕಾರ. ಆ ಸಂಸ್ಥೆ ಶುರುವಿನಲ್ಲಿ ಇನ್ನೊಂದು ಹಳೆಯ ಮೂಲ ಸರ್ಟಿಫಿಕೇಟಿನ ಆಸರೆ ಪಡೆದಿತ್ತು. ಅದರ ಅವಧಿ 2021ರ ಸೆಪ್ಟೆಂಬರ್ 30ಕ್ಕೆ ಮುಗಿಯಿತು. ಸಂಸ್ಥೆಯ ಸ್ವಂತ ಮೂಲ ಸರ್ಟಿಫಿಕೇಟು ಯಾವ ಸಾಧನದ ಪಟ್ಟಿಯಲ್ಲಿ ಇರಲಿಲ್ಲವೋ ಆ ಸಾಧನದ ಮುಂದೆ ಅವತ್ತಿನಿಂದ ನೂರಾರು ಬಾಗಿಲು ಮುಚ್ಚಿದವು. ಅಪ್ಪನ ಟ್ಯಾಬ್‌ನ ಪಟ್ಟಿ ಆಪರೇಟಿಂಗ್ ಸಿಸ್ಟಂ ಜೊತೆ ಬಂದಿದ್ದು. ಸಿಸ್ಟಂ ನಿಂತಾಗಲೇ ಪಟ್ಟಿಯೂ ನಿಂತಿತ್ತು. ಫೈರ್‌ಫಾಕ್ಸ್ ಆದರೋ ತನ್ನ ಪಟ್ಟಿಯನ್ನು ತಾನೇ ಹೊತ್ತು ತರುತ್ತದೆ. 2020ರ ನವೆಂಬರಿನಲ್ಲಿ ಲೆಟ್ಸ್ ಎನ್‌ಕ್ರಿಪ್ಟ್ ಹಳೇ ಆಂಡ್ರಾಯ್ಡ್ ಫೋನಿನವರಿಗೆ ಕೊಟ್ಟ ಸಲಹೆಯೂ ಇದೇ: ಫೋನ್ ಬದಲಿಸಬೇಕಿಲ್ಲ, ಫೈರ್‌ಫಾಕ್ಸ್ ಹಾಕಿಕೊಳ್ಳಿ. (ಆಮೇಲೆ ಆಂಡ್ರಾಯ್ಡ್‌ಗೆ ಬೇರೆಯೇ ದಾರಿ ಸಿಕ್ಕಿತು, ಆ ಮಾತು ಬೇರೆ.)

ಬೆಳಿಗ್ಗೆ ಎದ್ದವಳೇ ಟ್ಯಾಬ್‌ನ ಆ್ಯಪ್ ಅಂಗಡಿಗೆ ಹೋಗಿ ಬೇರೆ ಬ್ರೌಸರ್ ಹುಡುಕಿದೆ. ಹೊಸ ಆವೃತ್ತಿ ಈ ಸಾಧನಕ್ಕಲ್ಲ ಎಂದಿತು. ಒಂದು ಹಳೇ ಆವೃತ್ತಿ ಹೇಗೋ ಇಳಿಯಿತು. ತೆರೆದರೆ ಅದೇ ಎಚ್ಚರಿಕೆ, ಅದೇ ಪುಟದಲ್ಲಿ. ಹೆಸರು ಬೇರೆ, ಬಣ್ಣ ಬೇರೆ, ಒಳಗೆ ಪುಟ ಬಿಡಿಸಿ ತೋರಿಸುವ ಎಂಜಿನ್ ಮಾತ್ರ ಟ್ಯಾಬ್ ಜೊತೆ ಬಂದದ್ದೇ. ಅಪ್ಪನಿಗೆ ಇದನ್ನು ಹೇಳುವಾಗ ಮೇಳದ ಮಾತನ್ನೇ ಆಡಿದೆ: ಕಿರೀಟ ಬದಲಿಸಿಕೊಂಡು ರಂಗಕ್ಕೆ ಬಂದರೂ ಕುಣಿಯುವವರು ಅವರೇ, ಅವರ ಕಾಲು ನೋವಾಗಿದ್ದರೆ ಯಾವ ವೇಷಕ್ಕೂ ಕುಣಿತ ಇಲ್ಲ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ಬೇರೆ ಅಂತ ಯಾಕೆ ಇಟ್ಟಿದ್ದಾರೆ ಅಂಗಡಿಯಲ್ಲಿ?" ಎಂದು ಕೇಳಿದರು.

ಈ ಪ್ರಶ್ನೆಯನ್ನೇ ನಾನು ಇಷ್ಟು ದಿನ ಹೊತ್ತು ತಿರುಗಿದ್ದೇನೆ. ಬ್ರೌಸರ್ ಆಯ್ಕೆ ಎಂದರೆ ರುಚಿಯ ವಿಷಯ ಎಂದುಕೊಳ್ಳುವವರೇ ಹೆಚ್ಚು. ಕೆಲವರಿಗೆ ಕಾಫಿ, ಕೆಲವರಿಗೆ ಟೀ ಅನ್ನುವ ಹಾಗೆ. ಕನ್ನಡ ಓದುವ ನಮಗಾದರೂ ಅದು ಯಾವತ್ತೂ ಬರೀ ರುಚಿಯ ವಿಷಯ ಆಗಿರಲಿಲ್ಲ.

ಎರಡು ಸಾವಿರದ ಆಸುಪಾಸಿನ ಕನ್ನಡ ತಾಣಗಳನ್ನು ನೆನಪಿಸಿಕೊಳ್ಳಿ. ಎಲ್ಲ ಭಾಷೆಯ ಅಕ್ಷರಗಳಿಗೂ ಒಂದೇ ಸಂಕೇತ ಪದ್ಧತಿಯಾದ ಯೂನಿಕೋಡ್ ಇನ್ನೂ ಬಳಕೆಗೆ ಬಂದಿರಲಿಲ್ಲ. ಒಂದೊಂದು ತಾಣಕ್ಕೆ ಒಂದೊಂದು ಫಾಂಟು. ಫಾಂಟ್ ಇಳಿಸಿಕೊಳ್ಳುವ ಕಷ್ಟ ಬೇಡವೆಂದು ಕೆಲವರು ಪುಟದ ಜೊತೆಗೇ ಫಾಂಟ್ ಕಳಿಸುವ ಡೈನಾಮಿಕ್ ಫಾಂಟ್ ಬಳಸಿದರು. ಮೈಕ್ರೋಸಾಫ್ಟಿನ ಆ ತಂತ್ರ ನಡೆಯುತ್ತಿದ್ದುದು ಇಂಟರ್ನೆಟ್ ಎಕ್ಸ್‌ಪ್ಲೋರರ್‌ನಲ್ಲಿ ಮಾತ್ರ. ನೆಟ್‌ಸ್ಕೇಪ್‌ಗೆ ಬೇರೆಯದೇ ತಂತ್ರ ಬೇಕಿತ್ತು, ಫೈರ್‌ಫಾಕ್ಸ್ ಬಂದಾಗ ಅದಕ್ಕೆ ಎರಡೂ ಇಲ್ಲ. ಅದರಲ್ಲಿ ತೆರೆದರೆ ಕನ್ನಡದ ಬದಲು ಪೌಂಡ್ ಚಿಹ್ನೆ, ತಲೆ ಮೇಲೆ ಗೆರೆ ಎಳೆದ ಇಂಗ್ಲಿಷ್ ಅಕ್ಷರಗಳ ರಾಶಿ. ಪುಟದ ಕೆಳಗೆ ಒಂದು ಸಾಲು ಇರುತ್ತಿತ್ತು: ಈ ತಾಣವನ್ನು ಇಂಟರ್ನೆಟ್ ಎಕ್ಸ್‌ಪ್ಲೋರರ್‌ನಲ್ಲಿ ನೋಡಿ. ಕನ್ನಡ ಓದುವ ಹಕ್ಕು ಒಂದು ಕಂಪನಿಯ ಬ್ರೌಸರಿಗೆ ಗಂಟುಬಿದ್ದಿತ್ತು. ಆ ಬ್ರೌಸರೋ, 2001ರಲ್ಲಿ ಆರನೇ ಆವೃತ್ತಿ ಬಂದ ಮೇಲೆ ಐದು ವರ್ಷ ಏಳನೆಯದು ಬರಲಿಲ್ಲ. ಎದುರಾಳಿ ಇಲ್ಲದಾಗ ಆಗುವುದು ಇದೇ.

ನನಗೆ ಹೆಚ್ಚು ಹತ್ತಿರದ ನೆನಪು ಅದರ ನಂತರದ್ದು. ಹಾಸ್ಟೆಲಿನ ದಿನಗಳು. ಕೈಯಲ್ಲಿ ಗುಂಡಿ ಒತ್ತುವ ಅಗ್ಗದ ಫೋನು. ಅದರಲ್ಲಿ ಕನ್ನಡ ಫಾಂಟೇ ಇಲ್ಲ. ಯಾವ ಕನ್ನಡ ಪುಟ ತೆರೆದರೂ ಸಾಲು ಸಾಲು ಖಾಲಿ ಚೌಕ. ಒಬ್ಬಳು ಸೀನಿಯರ್ ಒಪೆರಾ ಮಿನಿ ಹಾಕಿಸಿ, ವಿಳಾಸದ ಜಾಗದಲ್ಲಿ ಒಪೆರಾ, ಕೋಲನ್, ಕಾನ್ಫಿಗ್ ಎಂದು ಒತ್ತಿಸಿ, ಕೆಳಗೆ ಹೋಗಿ ಸಂಕೀರ್ಣ ಲಿಪಿಗಳಿಗೆ ಬಿಟ್‌ಮ್ಯಾಪ್ ಫಾಂಟ್ ಬಳಸು ಎನ್ನುವ ಕಡೆ ಯೆಸ್ ಮಾಡಿಸಿದಳು. ಚೌಕಗಳೆಲ್ಲ ಮಾಯವಾಗಿ ಕನ್ನಡ ಬಂತು. ಒತ್ತಕ್ಷರ ಸಮೇತ. ಆ ಬ್ರೌಸರು ಪುಟವನ್ನು ತನ್ನ ಸರ್ವರಿನಲ್ಲಿ ಬಿಡಿಸಿ, ಅಕ್ಷರಗಳನ್ನು ಚಿತ್ರ ಮಾಡಿ ಫೋನಿಗೆ ಕಳಿಸುತ್ತಿತ್ತು. ಫೋನ್ ಮಾಡಿದ ಕಂಪನಿ ಕನ್ನಡದ ಬಗ್ಗೆ ಯೋಚಿಸಿರಲಿಲ್ಲ. ಬೇರೆ ಯಾರೋ ಯೋಚಿಸಿದ್ದರು, ಅವರ ಬ್ರೌಸರನ್ನು ಆ ಫೋನಿಗೆ ಹಾಕಿಕೊಳ್ಳಲು ಯಾರೂ ಅಡ್ಡಿ ಮಾಡಲಿಲ್ಲ. ಎರಡು ವರ್ಷ ನಾನು ಕನ್ನಡ ವಿಕಿಪೀಡಿಯವನ್ನೂ ಬ್ಲಾಗುಗಳನ್ನೂ ಓದಿದ್ದು ಎರಡು ಇಂಚಿನ ಆ ಪರದೆಯಲ್ಲಿ, ಆ ಒಂದು ಯೆಸ್‌ನಿಂದ.

ಅದಕ್ಕೇ 2012ರ ವಿಂಡೋಸ್ ಆರ್‌ಟಿ ಕಥೆ ನನ್ನನ್ನು ಈಗಲೂ ಕಾಡುತ್ತದೆ. ಮಾರುಕಟ್ಟೆಯಲ್ಲಿ ಸೋತು ಮರೆತುಹೋದ ಸರಕು ಅದು. ಆದರೆ ಟ್ಯಾಬ್ಲೆಟ್ಟಿನಲ್ಲಿ ಬ್ರೌಸರಿಗೆ ಬೀಗ ಹಾಕುವುದು ಎಂದರೆ ಏನು ಎಂಬುದು ಅದರಲ್ಲಿ ಕಂಡಷ್ಟು ಸ್ಪಷ್ಟವಾಗಿ ಬೇರೆಲ್ಲೂ ಕಾಣುವುದಿಲ್ಲ.

ವಿಂಡೋಸ್ 8ಕ್ಕೆ ಎರಡು ರೂಪವಿತ್ತು. ಮಾಮೂಲಿ ಇಂಟೆಲ್ ಕಂಪ್ಯೂಟರುಗಳಿಗೆ ಒಂದು. ಫೋನಿನಲ್ಲಿರುವಂಥ ಆರ್ಮ್ ಚಿಪ್ಪಿನ ಟ್ಯಾಬ್ಲೆಟ್ಟುಗಳಿಗೆ ಇನ್ನೊಂದು, ಅದೇ ಆರ್‌ಟಿ. ಎರಡರಲ್ಲೂ ಹಳೇ ಡೆಸ್ಕ್‌ಟಾಪ್ ಕಾಣುತ್ತಿತ್ತು. ಆರ್‌ಟಿಯ ಡೆಸ್ಕ್‌ಟಾಪಿನಲ್ಲಿ ಮಾತ್ರ ಮೈಕ್ರೋಸಾಫ್ಟಿನದೇ ಆಫೀಸ್, ಮೈಕ್ರೋಸಾಫ್ಟಿನದೇ ಇಂಟರ್ನೆಟ್ ಎಕ್ಸ್‌ಪ್ಲೋರರ್ ಓಡಬಹುದಿತ್ತು, ಹೊರಗಿನವರದು ಓಡುವಂತಿರಲಿಲ್ಲ. ಉಳಿದವರು ವಿಂಡೋಸ್ ಸ್ಟೋರ್ ಮೂಲಕವೇ, ಹೊಸ ಕಿರಿದಾದ ಸವಲತ್ತುಗಳೊಳಗೇ ಆ್ಯಪ್ ಮಾಡಬೇಕು. ಇಂದಿನ ಬ್ರೌಸರುಗಳು ಪುಟದೊಳಗಿನ ಪ್ರೋಗ್ರಾಮುಗಳನ್ನು ಬರೆಯುವ ಜಾವಾಸ್ಕ್ರಿಪ್ಟ್ ಭಾಷೆಯನ್ನು ಆ ಕ್ಷಣದಲ್ಲೇ ಯಂತ್ರಭಾಷೆಗೆ ತಿರುಗಿಸಿ ಓಡಿಸುತ್ತವೆ, ವೇಗ ಬರುವುದೇ ಅದರಿಂದ. ಆ ಅನುಮತಿ ಹೊರಗಿನ ಆ್ಯಪ್‌ಗಳಿಗೆ ಇಲ್ಲ. ಬ್ರೌಸರ್ ಮಾಡಬೇಡಿ ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಓಡಲಾಗದ ಬ್ರೌಸರನ್ನು ಮಾತ್ರ ಮಾಡಬಹುದು ಎಂಬಂತೆ ಕಟ್ಟಿದ್ದರು.

2012ರ ಮೇ ತಿಂಗಳಲ್ಲಿ ಫೈರ್‌ಫಾಕ್ಸ್ ತಯಾರಿಸುವ ಮೊಜಿಲ್ಲಾದ ಕಾನೂನು ಮುಖ್ಯಸ್ಥ ಹಾರ್ವಿ ಆ್ಯಂಡರ್ಸನ್ ಇದನ್ನು ಬಹಿರಂಗವಾಗಿ ಆಕ್ಷೇಪಿಸಿದರು. ಗೂಗಲ್ ಕೂಡ ದನಿಗೂಡಿಸಿತು. ಅಮೆರಿಕ ಸರ್ಕಾರ ಇದೇ ಇಂಟರ್ನೆಟ್ ಎಕ್ಸ್‌ಪ್ಲೋರರ್ ವಿಷಯಕ್ಕೆ ಮೈಕ್ರೋಸಾಫ್ಟನ್ನು ಕೋರ್ಟಿಗೆ ಎಳೆದದ್ದು 1998ರ ಮೇ ತಿಂಗಳಲ್ಲಿ. ಯುರೋಪಿನಲ್ಲಿ 2010ರಿಂದ ವಿಂಡೋಸ್ ಕಂಪ್ಯೂಟರುಗಳಲ್ಲಿ ಬ್ರೌಸರ್ ಆರಿಸುವ ಪರದೆ ತೋರಿಸಲೇಬೇಕಿತ್ತು. ವಿಂಡೋಸ್ 7ರ ಒಂದು ಆವೃತ್ತಿಯಲ್ಲಿ ಅದನ್ನು ತೋರಿಸದೆ ಬಿಟ್ಟಿದ್ದಕ್ಕೆ 2013ರ ಮಾರ್ಚ್‌ನಲ್ಲಿ 56.1 ಕೋಟಿ ಯೂರೋ ದಂಡವೂ ಬಿತ್ತು. ಆರ್‌ಟಿ ಬಗ್ಗೆ ಮಾತ್ರ ಯುರೋಪಿಯನ್ ಕಮಿಷನ್ ಮುಂದುವರಿಯಲು ಆಧಾರವಿಲ್ಲ ಎಂದುಬಿಟ್ಟಿತು. ಕಂಪ್ಯೂಟರಿನಲ್ಲಿ ತಪ್ಪಾದದ್ದು ಟ್ಯಾಬ್ಲೆಟ್ಟಿನಲ್ಲಿ ತಪ್ಪಲ್ಲ. ನನ್ನ ಪ್ರಕಾರ ಈ ಕಥೆಯಲ್ಲಿ ಅತಿ ದೊಡ್ಡ ತಿರುವು ಅದು.

ಮೈಕ್ರೋಸಾಫ್ಟ್ ಕೊಟ್ಟ ಕಾರಣ ಬ್ಯಾಟರಿ, ಭದ್ರತೆ, ವಿಶ್ವಾಸಾರ್ಹತೆ. ಆ ಅಧಿಕಾರ ಹೇಗೆಲ್ಲ ಬಳಕೆಯಾಗಬಹುದು ಎಂಬುದಕ್ಕೆ ಒಂದು ಸಣ್ಣ ವಿವರ ಸಾಕು. ಆಗ ತಾಣಗಳಲ್ಲಿ ವಿಡಿಯೋ ಓಡುತ್ತಿದ್ದುದು ಹೆಚ್ಚಾಗಿ ಫ್ಲ್ಯಾಶ್ ಎಂಬ ತಂತ್ರಾಂಶದಿಂದ. ಆರ್‌ಟಿಯ ಏಕೈಕ ಬ್ರೌಸರಿನಲ್ಲಿ ಫ್ಲ್ಯಾಶ್ ಓಡುತ್ತಿದ್ದುದು ಮೈಕ್ರೋಸಾಫ್ಟ್ ತಯಾರಿಸಿದ ಪಟ್ಟಿಯಲ್ಲಿದ್ದ ತಾಣಗಳಲ್ಲಿ ಮಾತ್ರ. ನಿಮ್ಮ ತಾಣ ಪಟ್ಟಿಯಲ್ಲಿಲ್ಲವೇ, ನಿಮ್ಮ ವಿಡಿಯೋ ಇಲ್ಲ. 2013ರ ಮಾರ್ಚ್‌ನಲ್ಲಿ ಅವರೇ ಮನಸ್ಸು ಬದಲಿಸಿ ಪಟ್ಟಿಯನ್ನು ಸಡಿಲ ಮಾಡಿದರು. ಅಲ್ಲಿಯವರೆಗಿನ ನಾಲ್ಕೈದು ತಿಂಗಳು ಆ ಟ್ಯಾಬ್ಲೆಟ್ ಕೊಂಡವರಿಗೆ ಅಂತರ್ಜಾಲ ಎಷ್ಟು ಎಂಬುದನ್ನು ಒಂದೇ ಕಚೇರಿ ತೀರ್ಮಾನಿಸಿತ್ತು.

ಆರ್‌ಟಿ ಹಾಕಿದ ಮೈಕ್ರೋಸಾಫ್ಟಿನ ಸ್ವಂತ ಟ್ಯಾಬ್ಲೆಟ್ ಸರ್ಫೇಸ್ ಆರ್‌ಟಿ 2012ರ ಅಕ್ಟೋಬರ್ 26ರಂದು ಅಂಗಡಿಗೆ ಬಂತು. ಮುಂದಿನ ಜುಲೈಯಲ್ಲಿ ಮೈಕ್ರೋಸಾಫ್ಟ್ ಉಳಿದ ದಾಸ್ತಾನಿಗಾಗಿ 90 ಕೋಟಿ ಡಾಲರ್ ನಷ್ಟ ಬರೆದುಕೊಂಡಿತು. ಆ ಯಂತ್ರಗಳಿಗೆ ವಿಂಡೋಸ್ 10 ಬರಲೇ ಇಲ್ಲ, 2023ರ ಜನವರಿಯಲ್ಲಿ ಭದ್ರತೆಯ ಅಪ್‌ಡೇಟೂ ನಿಂತಿತು. ಅವುಗಳ ಬೂಟ್ ಬೀಗವನ್ನು ಕೊಂಡವರು ತೆಗೆಯುವಂತೆ ಮಾಡಿರಲಿಲ್ಲ, ಹಾಗಾಗಿ ಲಿನಕ್ಸಿನಂಥ ಬೇರೆ ಆಪರೇಟಿಂಗ್ ಸಿಸ್ಟಂ ಹಾಕಲು ಅಧಿಕೃತ ದಾರಿಯೂ ಇರಲಿಲ್ಲ. ನನ್ನ ಅಟ್ಟದ ವಿಂಡೋಸ್ 7 ಲ್ಯಾಪ್‌ಟಾಪಿಗೆ ಅದೇ 2023ರಲ್ಲಿ ಫೈರ್‌ಫಾಕ್ಸ್ 115 ಬಂತು. ಅದರ ದೀರ್ಘಾವಧಿ ಆವೃತ್ತಿಗೆ ಆಮೇಲೂ ಭದ್ರತೆಯ ತೇಪೆಗಳು ಬರುತ್ತಲೇ ಇದ್ದವು.

ಆರ್‌ಟಿ ಹೋಯಿತು, ನಿಯಮ ಉಳಿಯಿತು, ಇನ್ನೊಬ್ಬರ ಮನೆಯಲ್ಲಿ. ಐಫೋನ್, ಐಪ್ಯಾಡ್‌ಗಳ ಆ್ಯಪ್ ಸ್ಟೋರ್ ನಿಯಮದ ಪ್ರಕಾರ ಬ್ರೌಸರ್ ಆ್ಯಪ್‌ಗಳೆಲ್ಲ ಆ್ಯಪಲ್‌ನ ವೆಬ್‌ಕಿಟ್ ಎಂಜಿನ್ನನ್ನೇ ಬಳಸಬೇಕು. 2010ರ ಏಪ್ರಿಲ್‌ನಲ್ಲಿ ಒಪೆರಾ ಮಿನಿಗೆ ಅಲ್ಲಿ ಪ್ರವೇಶ ಸಿಕ್ಕಿತು. ಪುಟ ಬಿಡಿಸುವ ಕೆಲಸ ಅದರ ಸರ್ವರಿನಲ್ಲೇ ನಡೆಯುತ್ತಿದ್ದುದರಿಂದ ಫೋನಿನೊಳಗೆ ಬೇರೆ ಎಂಜಿನ್ ತರುವ ಪ್ರಶ್ನೆಯೇ ಅದಕ್ಕೆ ಇರಲಿಲ್ಲ. 2012ರ ಜೂನ್‌ನಲ್ಲಿ ಬಂದ ಕ್ರೋಮ್ ಒಳಗೆ ಆ್ಯಪಲ್‌ನ ಎಂಜಿನ್ನೇ ಇತ್ತು, ಅದೂ ಆ್ಯಪಲ್‌ನದೇ ಬ್ರೌಸರ್ ಸಫಾರಿಗಿದ್ದ ವೇಗದ ಜಾವಾಸ್ಕ್ರಿಪ್ಟ್ ಇಲ್ಲದ ರೂಪದಲ್ಲಿ. ಆ ವೇಗ ಉಳಿದವರಿಗೆ ಸಿಕ್ಕಿದ್ದು 2014ರಲ್ಲಿ, ಆ ಸಾಧನಗಳ ಆಪರೇಟಿಂಗ್ ಸಿಸ್ಟಂ ಆದ ಐಓಎಸ್‌ನ ಎಂಟನೇ ಆವೃತ್ತಿಯಲ್ಲಿ. ಬಹಳ ಕಾಲ ಹೊರಗೇ ನಿಂತಿದ್ದ ಮೊಜಿಲ್ಲಾ ಕೊನೆಗೆ 2015ರ ನವೆಂಬರ್‌ನಲ್ಲಿ ವೆಬ್‌ಕಿಟ್ ಮೇಲೆ ಫೈರ್‌ಫಾಕ್ಸ್ ಹೆಸರು ಬರೆದು ಒಳಗೆ ಬಂತು. ಡೀಫಾಲ್ಟ್ ಬ್ರೌಸರ್ ಬದಲಿಸಲು ಬಿಟ್ಟಿದ್ದು 2020ರಲ್ಲಿ, ಐಪ್ಯಾಡ್ ಹುಟ್ಟಿ ಹತ್ತು ವರ್ಷದ ಮೇಲೆ. ಐಪ್ಯಾಡ್‌ನಲ್ಲಿ ಕನ್ನಡದ ಕೀಲಿಮಣೆ ಸಿಸ್ಟಂ ಜೊತೆಗೇ ಬಂದಿದ್ದು 2017ರ ಐಓಎಸ್ 11ರಲ್ಲಿ. ಎಲ್ಲವೂ ಒಬ್ಬರ ಸರದಿಯಲ್ಲೇ ಬರಬೇಕೆಂದಾಗ ನಮ್ಮಂಥ ಭಾಷೆಯವರು ಸಾಲಿನ ಎಷ್ಟನೆಯವರು ಎಂಬುದು ಇದರಲ್ಲಿ ಕಾಣುತ್ತದೆ.

ಯುರೋಪ್ 2024ರಲ್ಲಿ ತನ್ನ ಡಿಜಿಟಲ್ ಮಾರುಕಟ್ಟೆ ಕಾಯ್ದೆಯಿಂದ ಈ ಬೀಗ ತೆಗೆಸಿತು. ಮಾರ್ಚ್‌ನಲ್ಲಿ ಐಫೋನಿಗೆ, ಸೆಪ್ಟೆಂಬರ್‌ನಲ್ಲಿ ಐಪ್ಯಾಡ್‌ಗೆ. ಅದೂ ಯುರೋಪಿನ ಒಕ್ಕೂಟದೊಳಗೆ ಮಾತ್ರ. ಜಪಾನ್ ಅದೇ ವರ್ಷ ಅಂಥದ್ದೇ ಕಾನೂನು ಮಾಡಿತು. ನಮ್ಮಲ್ಲಿ ಭಾರತೀಯ ಸ್ಪರ್ಧಾ ಆಯೋಗ 2022ರ ಅಕ್ಟೋಬರ್‌ನಲ್ಲಿ ಗೂಗಲ್‌ಗೆ 1,337.76 ಕೋಟಿ ರೂಪಾಯಿ ದಂಡ ಹಾಕಿದಾಗ ಅದರ ತೀರ್ಮಾನಗಳಲ್ಲಿ ಕ್ರೋಮ್ ವಿಷಯವೂ ಇತ್ತು: ಪ್ಲೇ ಸ್ಟೋರ್ ಬೇಕಾದ ತಯಾರಕರು ಕ್ರೋಮ್ ಸೇರಿದಂತೆ ಇಡೀ ಕಟ್ಟನ್ನೇ ಹಾಕಬೇಕೆಂಬುದು ತಪ್ಪು ಎಂದು. ಮರುವರ್ಷ ಮೇಲ್ಮನವಿ ನ್ಯಾಯಮಂಡಳಿ ದಂಡವನ್ನು ಎತ್ತಿಹಿಡಿಯಿತು. ಒಳ್ಳೆಯದೇ. ಆದರೂ ಆಂಡ್ರಾಯ್ಡ್‌ನಲ್ಲಿ ಬೇರೆ ಎಂಜಿನ್ ಹಾಕಲು ಅಡ್ಡಿಯಿಲ್ಲ, ಅಲ್ಲಿಯ ತೊಂದರೆ ಮೊದಲೇ ಹಾಕಿಟ್ಟಿರುವುದರದ್ದು. ಎಂಜಿನ್ನಿಗೇ ಬೀಗ ಇರುವ ಸಾಧನಗಳ ವಿಷಯದಲ್ಲಿ ಯುರೋಪಿನವರಿಗೆ ಸಿಕ್ಕ ಬಾಗಿಲು ತೀರ್ಥಹಳ್ಳಿಯ ಜಗಲಿಗೆ ಸಿಕ್ಕಿಲ್ಲ.

ಬೀಗದ ಪರವಾಗಿ ಮಾತಾಡುವವರಲ್ಲಿ ನಾನು ಗೌರವಿಸುವ ಗೆಳೆಯರಿದ್ದಾರೆ. ಅವರ ಒಂದು ವಾದ ಭದ್ರತೆ. ಓಡುವಾಗಲೇ ಹೊಸ ಯಂತ್ರಭಾಷೆ ಹುಟ್ಟಿಸುವ ಅನುಮತಿಯನ್ನು ಸಿಕ್ಕಸಿಕ್ಕ ಆ್ಯಪ್‌ಗೆ ಕೊಟ್ಟರೆ ಕಳ್ಳರಿಗೂ ದಾರಿಯಾಗುತ್ತದೆ ಎನ್ನುತ್ತಾರೆ. ನಿಜ. ಸಿಕ್ಕಸಿಕ್ಕವರಿಗೆ ಕೊಡುವುದು ಬೇಡ, ಷರತ್ತು ಹಾಕಿ ಬ್ರೌಸರುಗಳಿಗೆ ಕೊಡಿ. ಯುರೋಪಿನಲ್ಲಿ ಈಗ ಮಾಡುತ್ತಿರುವುದು ಅದನ್ನೇ. ಅದೇ ಆ್ಯಪಲ್‌ನ ಮ್ಯಾಕ್ ಕಂಪ್ಯೂಟರಿನಲ್ಲಿ ಯಾವ ಎಂಜಿನ್ ಬೇಕಾದರೂ ಓಡುತ್ತದೆ, ಅದನ್ನು ಯಾರೂ ಅಸುರಕ್ಷಿತ ಯಂತ್ರ ಎಂದು ಮಾರುತ್ತಿಲ್ಲ.

ಅವರ ಇನ್ನೊಂದು ವಾದಕ್ಕೆ ನನ್ನ ಬಳಿ ಪೂರ್ತಿ ಉತ್ತರವಿಲ್ಲ. ಒಪೆರಾ 2013ರಲ್ಲಿ ಸ್ವಂತ ಎಂಜಿನ್ ಬಿಟ್ಟು ಕ್ರೋಮ್‌ನ ತಳಹದಿಯಾದ ಗೂಗಲ್‌ನ ಕ್ರೋಮಿಯಂ ಹಿಡಿಯಿತು. ಮೈಕ್ರೋಸಾಫ್ಟ್ ಎಡ್ಜ್ 2020ರಲ್ಲಿ ಅದನ್ನೇ ಮಾಡಿತು. ಐಪ್ಯಾಡ್‌ನ ಬೀಗವನ್ನೂ ತೆಗೆದರೆ ಉಳಿಯುವುದು ಗೂಗಲ್‌ನ ಒಂದೇ ಎಂಜಿನ್, ವೆಬ್‌ಕಿಟ್ ಒಂದೇ ಈಗಿರುವ ತಡೆಗೋಡೆ ಎಂದು ಅವರು ಹೇಳುತ್ತಾರೆ. ಆ ಭಯ ನನಗೂ ಇದೆ. ಕಳೆದ ವರ್ಷ ಒಂದು ಅರ್ಜಿ ತುಂಬುವ ತಾಣದಲ್ಲಿ ಕ್ರೋಮ್‌ನಲ್ಲೇ ತೆರೆಯಿರಿ ಎಂಬ ಸಾಲು ಓದಿದಾಗ ಇಪ್ಪತ್ತು ವರ್ಷ ಹಿಂದಿನ ಆ ಸಾಲು ಹೆಸರು ಬದಲಿಸಿಕೊಂಡು ಬಂದಂತೆ ಅನಿಸಿತು. ಆದರೂ ಒಬ್ಬ ಸಾಹುಕಾರನಿಂದ ಉಳಿಯಲು ಇನ್ನೊಬ್ಬ ಸಾಹುಕಾರನ ಜೀತ ಒಪ್ಪಿಕೊಳ್ಳುವುದು ನನ್ನಿಂದಾಗದು. ಆ ಗೋಡೆ ಕಟ್ಟಿದ್ದು ನಮಗಾಗಿ ಅಲ್ಲ. ಅದರ ಒಳಗೆ ಫೈರ್‌ಫಾಕ್ಸ್‌ನ ಎಂಜಿನ್ನಿಗೂ ಜಾಗ ಇಲ್ಲ, ನಾಳೆ ಬೆಂಗಳೂರಿನದೋ ಮಂಗಳೂರಿನದೋ ಯಾರಾದರೂ ಕನ್ನಡವನ್ನು ಮನಸ್ಸಿನಲ್ಲಿಟ್ಟು ಹೊಸದೊಂದನ್ನು ಕಟ್ಟಿದರೆ ಅದಕ್ಕೂ ಇಲ್ಲ.

ಅಪ್ಪನಿಗೆ ಆಮೇಲೆ ಹೊಸ ಟ್ಯಾಬ್ ತಂದೆವು. ಶಿವಮೊಗ್ಗದ ಅಂಗಡಿಯಲ್ಲಿ ನಾನು ಕೇಳಿದ್ದು ಎರಡೇ: ಎಷ್ಟು ವರ್ಷ ಅಪ್‌ಡೇಟ್ ಬರುತ್ತದೆ, ಇದರಲ್ಲಿ ಬೇರೆ ಎಂಜಿನ್ನಿನ ಬ್ರೌಸರ್ ಓಡುತ್ತದೆಯೇ. ಮೊದಲನೆಯದಕ್ಕೆ ಅಂಗಡಿಯ ಹುಡುಗ ಡಬ್ಬಿ ತಿರುಗಿಸಿ ತಿರುಗಿಸಿ ನೋಡಿದ, ಬರೆದಿರಲಿಲ್ಲ. ಎರಡನೆಯದನ್ನು ಇಲ್ಲಿಯವರೆಗೆ ಯಾರೂ ಕೇಳಿಲ್ಲ ಅಕ್ಕ ಎಂದ. ಅಂಗಡಿಯಲ್ಲೇ ಕೂತು ಫೈರ್‌ಫಾಕ್ಸ್ ಇಳಿಸಿ, ಅಪ್ಪನ ಧಾರಣೆಯ ಪುಟ ತೆರೆದು ನೋಡಿಯೇ ದುಡ್ಡು ಕೊಟ್ಟೆ.

ಹಳೆಯದನ್ನು ಅಪ್ಪ ಯಾರಿಗೂ ಕೊಡಲು ಬಿಟ್ಟಿಲ್ಲ. ಅದರಲ್ಲಿ ಮೊದಲೇ ತುಂಬಿಸಿಟ್ಟಿದ್ದ ತಾಳಮದ್ದಳೆಯ ಆರೇಳು ವಿಡಿಯೋಗಳಿವೆ, ಅವಕ್ಕೆ ನೆಟ್ ಬೇಕಿಲ್ಲ. ಸಂಜೆ ಅಡಿಕೆ ಸುಲಿಯುವವರ ಮಧ್ಯೆ ಸ್ಟೂಲಿನ ಮೇಲೆ ಅದನ್ನು ಒರಗಿಸಿ ಹಚ್ಚಿಡುತ್ತಾರೆ. ಬ್ಯಾಟರಿ ಇನ್ನೂ ಮೂರು ತಾಸು ಬರುತ್ತದೆ.